ಮೆತ್ತಗೆ ಮೇಡಂ ಮತ್ತು ಅವರ ಅಜ್ಜಿ

ಬರಿಗೈಯಲ್ಲಿ ನಡೆಯುವುದು ಅವರಿಗೆ ಬರುತ್ತಿರಲಿಲ್ಲ. ಕೈಯಲ್ಲಿ ಏನೂ ಇಲ್ಲದಾಗಲೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಅಂಗೈಗಳನ್ನು ಹೊಟ್ಟೆಯ ಮುಂದೆ ಎದುರುಬದುರಾಗಿ ಹಿಡಿದು, ನೆಲದ ಅಪ್ಪಣೆ ಕೇಳಿಯೇ ಹೆಜ್ಜೆ ಊರುವವರ ಹಾಗೆ, ತುಂಬಿದ ಪಾತ್ರೆಯೊಂದನ್ನು ತುಳುಕದಂತೆ ಒಯ್ಯುವ ಭಂಗಿಯಲ್ಲಿ ಅವರು ರಸ್ತೆ ದಾಟುತ್ತಿದ್ದರು. ತರಕಾರಿ ಅಂಗಡಿಯ ನೂಕುನುಗ್ಗಲಿನಲ್ಲಿಯೂ ಜನ ತಾವಾಗಿಯೇ ಅವರಿಗೆ ದಾರಿ ಬಿಡುತ್ತಿದ್ದರು. ಕಣ್ಣಿಗೆ ಕಾಣದ ಆ ಪಾತ್ರೆಯಲ್ಲಿ ಏನೋ ಬೆಲೆಬಾಳುವಂಥದ್ದು ಇರಬೇಕೆಂದು ನೋಡಿದವರಿಗೆಲ್ಲ ಅನ್ನಿಸುತ್ತಿತ್ತು. ಯೌವನದಿಂದ ಮುಪ್ಪಿನವರೆಗೆ ಮಂಜುಗಡ್ಡೆಯ ಬಕೆಟ್ಟಿನಲ್ಲಿ ಬೆರಳುದ್ದದ ನಳಿಕೆಗಳನ್ನು ನೆಟ್ಟುಕೊಂಡು, ಶೀತಕೋಣೆಯಿಂದ ಪ್ರಯೋಗಶಾಲೆಗೆ, ಪ್ರಯೋಗಶಾಲೆಯಿಂದ ಶೀತಕೋಣೆಗೆ ಓಡಾಡಿದ ದೇಹ ಅದು; ಬೇರೆ ನಡಿಗೆಯನ್ನು ಮರೆತೇಬಿಟ್ಟಿತ್ತು.

ಕೋಟಿನ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಮೊಣಕಾಲಿನವರೆಗೆ ಇಳಿಬಿದ್ದ, ಕಾಲರು ಸವೆದ, ಕಂದು ಉಣ್ಣೆಯ ಕೋಟು. ಹೊರಗೆ ಡಾಂಬರು ಕರಗಿ ಚಪ್ಪಲಿಗೆ ಅಂಟುವ ಬೇಸಿಗೆಯ ಮಧ್ಯಾಹ್ನದಲ್ಲಿಯೂ ಅದು ಅವರ ಮೈಮೇಲೆ. ಶೀತಕೋಣೆಯ ಒಳಗೆ ಫ್ರಿಜ್ಜಿನಷ್ಟು ಚಳಿ, ಅಲ್ಲಿಗೆ ಕೋಟು ಬೇಕು, ಒಪ್ಪೋಣ. ಆದರೆ ಹೊರಗೆ ಬಂದ ಮೇಲಾದರೂ ಕಳಚಿ ಗೂಟಕ್ಕೆ ಸಿಕ್ಕಿಸಬಾರದೇ ಎಂದರೆ, "ಮತ್ತೆ ಒಳಗೆ ಹೋಗ್ಬೇಕಲ್ಲ" ಎಂಬ ಒಂದೇ ಉತ್ತರ. ಅದರ ಜೇಬುಗಳಲ್ಲಿ ರಬ್ಬರ್ ಬ್ಯಾಂಡು, ಅಂಟುಪಟ್ಟಿಯ ಸುರುಳಿ, ಎಂದೋ ಕಚ್ಚಿಟ್ಟ ಅರ್ಧ ಬಿಸ್ಕತ್ತು ಸುಖವಾಗಿ ಸಂಸಾರ ಮಾಡಿಕೊಂಡಿದ್ದವು. ಅವರ ಜೊತೆಗೇ ಇದ್ದ ಅಕ್ಕ, ದೊಡ್ಡಾಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ನರ್ಸಾಗಿದ್ದು ನಿವೃತ್ತರಾದ ಗಟ್ಟಿ ಹೆಂಗಸು, ಆ ಕೋಟನ್ನು ಒಗೆಯಬೇಕಾದಾಗಲೆಲ್ಲ ತಂಗಿಯ ಮೈಯಿಂದ ಕಿತ್ತುಕೊಳ್ಳಬೇಕಾಗುತ್ತಿತ್ತು.

ಇನ್ನು ಅವರ ಬಾಯಿಯ ಮಾತು. "ಮೆತ್ತಗೆ, ಮೆತ್ತಗೆ." ಬಾಗಿಲನ್ನು ದಡಾರನೆ ಹಾಕುವ ಅಕ್ಕನಿಗೂ ಅದೇ, ತಿರುವಿನಲ್ಲಿ ಜೋರಾಗಿ ಹೊರಳಿಸುವ ಬಸ್ಸಿನ ಡ್ರೈವರಿಗೂ ಅದೇ, ಕುರ್ಚಿಯನ್ನು ಕರ್ರೆಂದು ಎಳೆಯುವ ವಿದ್ಯಾರ್ಥಿಗೂ ಅದೇ. ಗದರಿಕೆಯಲ್ಲ, ಬೇಡಿಕೆಯೂ ಅಲ್ಲ. ನಿದ್ದೆಹೋದವರು ಪಕ್ಕದಲ್ಲೇ ಇದ್ದಾರೆ ಎಂಬಂತೆ ತಗ್ಗಿಸಿದ ದನಿ. ಸಂಸ್ಥೆಯಲ್ಲಿ ಅವರ ಹೆಸರು ಬಲ್ಲವರು ಕಡಿಮೆ, ಮೆತ್ತಗೆ ಮೇಡಂ ಎಂದರೆ ಗೇಟಿನ ಕಾವಲುಗಾರನಿಗೂ ಗೊತ್ತು. ಅಕ್ಕ ಮಾತ್ರ ಬಿಡುತ್ತಿರಲಿಲ್ಲ: "ನಿನ್ನ ಕೈಗೊಂದು ಕೂಸು ಸಿಕ್ಕಿದ್ದಿದ್ರೆ, ಬಿದ್ದೀತು ಅಂತ ನಡೆಯೋಕೇ ಬಿಡ್ತಿರಲಿಲ್ಲ ನೀನು." ಮೇಡಂ ನಗುತ್ತಿದ್ದರು.

ಕೂಸು ಇರಲಿಲ್ಲ, ಅಜ್ಜಿ ಇದ್ದಳು. ಅವರ ಪ್ರಯೋಗಶಾಲೆಯಲ್ಲಿ ಅಜ್ಜಿಯೆಂದರೆ ಒಂದು ಕಿಣ್ವ. ಜೀವಕೋಶದೊಳಗೆ ಆಹಾರವನ್ನು ಒಡೆಯುವ, ಬೇಕಾದ್ದನ್ನು ಜೋಡಿಸುವ ಕೆಲಸವನ್ನೆಲ್ಲ ಮಾಡುವ ಪ್ರೋಟೀನುಗಳೇ ಕಿಣ್ವಗಳು. ಅವುಗಳಲ್ಲಿ ಬಹಳಷ್ಟಕ್ಕೆ ಒಂಟಿಯಾಗಿ ದುಡಿಯಲು ಬರುವುದಿಲ್ಲ. ಸಹಾಯಕ ಅಣುವೊಂದು ಬಂದು ಅವುಗಳ ಮೈಯಲ್ಲಿರುವ ಗೂಡಿನಲ್ಲಿ ಕೂರಬೇಕು, ಆಗಲೇ ಕೆಲಸ ಸಾಗುವುದು. ಇಂಥ ಸಹಾಯಕರಲ್ಲಿ ಅಣ್ಣತಮ್ಮಂದಿರಂಥ ಇಬ್ಬರಿದ್ದಾರೆ. ಉಳಿದೆಲ್ಲದರಲ್ಲೂ ಒಂದೇ ರೂಪ, ಒಬ್ಬನಿಗೆ ಮಾತ್ರ ಹೆಚ್ಚಿಗೆ ಒಂದು ಫಾಸ್ಫೇಟಿನ ಬಾಲ. ಪುಸ್ತಕಗಳಲ್ಲಿ ಅವರಿಗೆ ಉದ್ದುದ್ದನೆಯ ಹೆಸರುಗಳಿವೆ; ಮೇಡಂ ಅವರ ಪ್ರಯೋಗಶಾಲೆಯಲ್ಲಿ ಬಾಲವಿಲ್ಲದವನು 'ಬೋಳು', ಇರುವವನು 'ಬಾಲ'. ಉರಿಸಿ ಶಕ್ತಿ ತೆಗೆಯುವ ಕೆಲಸಕ್ಕೆ ಬೋಳು, ಹೊಸದನ್ನು ಕಟ್ಟುವ ಕೆಲಸಕ್ಕೆ ಬಾಲ ಎಂದು ಕೋಶದಲ್ಲಿ ಬಹುಮಟ್ಟಿಗೆ ಹೊಣೆ ಹಂಚಿಹೋಗಿದೆ. ಇಂದಿನ ಕಿಣ್ವಗಳು ಈ ವಿಷಯದಲ್ಲಿ ಮಹಾ ಹಟಮಾರಿಗಳು, ಒಬ್ಬನನ್ನು ಒಪ್ಪಿದರೆ ಇನ್ನೊಬ್ಬನನ್ನು ಹತ್ತಿರ ಸೇರಿಸುವುದಿಲ್ಲ. ಪ್ರೋಟೀನೆಂದರೆ ನೂರಾರು ಕೊಂಡಿಗಳ ಸರಪಳಿ. ಗೂಡಿನ ಬಾಯಲ್ಲಿ ಋಣ ವಿದ್ಯುದಾವೇಶದ ಕೊಂಡಿ ಕೂತಿದ್ದರೆ, ತಾನೂ ಋಣ ಆವೇಶದ್ದೇ ಆದ ಬಾಲವನ್ನು ಅದು ಹೊರದಬ್ಬುತ್ತದೆ, ಧನ ಆವೇಶದ್ದು ಕೂತಿದ್ದರೆ ಕೈಹಿಡಿದು ಒಳಕ್ಕೆ ಕರೆಯುತ್ತದೆ. ಆ ಒಂದು ಕೊಂಡಿ ಬದಲಾದರೂ ಸಾಕು, ಯುಗಯುಗಾಂತರದ ಒಲವು ಅತ್ತಿಂದಿತ್ತ ವಾಲಬಹುದು.

ಈ ಹಟ ಹುಟ್ಟಿದ್ದು ಯಾವಾಗ ಎಂಬುದೇ ಮೇಡಂ ಅವರ ಜೀವಮಾನದ ಪ್ರಶ್ನೆ. ಇಂದು ಬದುಕಿರುವ ಬಗೆಬಗೆಯ ಜೀವಿಗಳ ಕಿಣ್ವಗಳನ್ನು ಸಾಲಾಗಿಟ್ಟು, ಮೊಮ್ಮಕ್ಕಳ ಮೂಗುಕಣ್ಣು ನೋಡಿ ಅಜ್ಜಿಯ ಮುಖವನ್ನು ಊಹಿಸುವಂತೆ, ಅವುಗಳ ಮೂಲರೂಪವನ್ನು ಲೆಕ್ಕಹಾಕಿ, ಆ ಲೆಕ್ಕದಂತೆ ಜೀನೊಂದನ್ನು ಮಾಡಿಸಿ, ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಎಂದೋ ಅಳಿದುಹೋಗಿದ್ದ ಕಿಣ್ವವನ್ನು ಅವರು ನಳಿಕೆಯೊಳಗೆ ಮರಳಿ ತಂದರು. ಬಂದ ಅಜ್ಜಿ ಬೋಳನ್ನೂ ಒಪ್ಪಿದಳು, ಬಾಲವನ್ನೂ ಒಪ್ಪಿದಳು. ಅದರಿಂದಲೇ ಮೇಡಂ ಹೆಸರಾದರು. ಅಜ್ಜಿಯ ಗೂಡಿನ ಬಾಯಲ್ಲೂ ಋಣದ ಕೊಂಡಿಯೇ ಇದೆಯಲ್ಲ, ಬಾಲ ಹೇಗೆ ನುಗ್ಗಿತು ಎಂದು ಕೇಳಿದವರಿಗೆ, ಅವಳ ಗೂಡು ಸಡಿಲ, ಆ ಕೊಂಡಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ ಎನ್ನುತ್ತಿದ್ದರು. ಮೊದಲಿಗೆ ಬಾಗಿಲು ಎಲ್ಲರಿಗೂ ತೆರೆದೇ ಇತ್ತು, ಮೂಗುಮುರಿಯುವುದೆಲ್ಲ ಆಮೇಲೆ ಕಲಿತದ್ದು ಎಂದು ಉಪನ್ಯಾಸದ ಕೊನೆಗೆ ಹೇಳುವಾಗ ಅವರ ದನಿ ತೇವವಾಗುತ್ತಿತ್ತು. ಕಿಣ್ವದ ಮಾತು ಅಲ್ಲಿ ಕಿಣ್ವದ ಮಾತಾಗಿಯೇ ಉಳಿದಿರಲಿಲ್ಲ. ಲೋಕದ ಬೇರಿನಲ್ಲಿ ಔದಾರ್ಯವಿದೆ ಎಂಬುದಕ್ಕೆ ತಮ್ಮ ಬಕೆಟ್ಟಿನಲ್ಲಿ ಸಾಕ್ಷಿಯಿದೆಯೆಂದು ಅವರು ನಂಬಿದ್ದರು. ಅದನ್ನು ಕೇಳಿ ನಂಬದಿರುವುದು ಕೇಳಿದವರಿಗೂ ಕಷ್ಟವಾಗುತ್ತಿತ್ತು.

ಅವರ ಕೆಲಸದಲ್ಲಿ ಒಂದು ಕಟ್ಟಳೆಯಿತ್ತು. ಬ್ಯಾಕ್ಟೀರಿಯಾವನ್ನು ಒಡೆದಾಗ ಅಜ್ಜಿಯೊಬ್ಬಳೇ ಹೊರಬರುವುದಿಲ್ಲ, ಆ ಮನೆಯ ಸಾವಿರಾರು ಪ್ರೋಟೀನುಗಳು ಜೊತೆಗೇ ಸುರಿಯುತ್ತವೆ. ಅವುಗಳಿಂದ ಬೇರ್ಪಡಿಸಲು ಬಿಳಿಯ ಪುಡಿ ತುಂಬಿದ ಗಾಜಿನ ಕೊಳವೆಗಳಲ್ಲಿ ಹನಿಹನಿಯಾಗಿ ಸೋಸಬೇಕು; ಆ ಕೊಳವೆಗೆ ಕಾಲಂ ಎನ್ನುತ್ತಾರೆ. ಬೇರೆಡೆ ಇಂಥ ಕಿಣ್ವವನ್ನು ಮೂರು ಕಾಲಂ ದಾಟಿಸುವುದು ರೂಢಿ, ಮೇಡಂ ಎರಡಕ್ಕೇ ನಿಲ್ಲಿಸುತ್ತಿದ್ದರು. ಮೊದಮೊದಲು ಒಮ್ಮೆ ಮೂರನೆಯದಕ್ಕೂ ಹಾಕಿ ನೋಡಿದ್ದುಂಟು. ಹೊರಬಂದ ಅಜ್ಜಿ ಬೋಳಿನೊಡನೆ ಎಂದಿನಂತೆ ದುಡಿದಳು, ಬಾಲವನ್ನು ಮುಟ್ಟಲಿಲ್ಲ. ಪಾಪ, ಅವಳಿಗೆ ಪೆಟ್ಟಾಗಿದೆ, ಗೂಡಿನ ಬಾಯಿ ಎಲ್ಲೋ ಮುಕ್ಕಾಗಿದೆ ಎಂದು ಮೇಡಂ ಮರುಗಿದರು. ಅಂದಿನಿಂದ ಮೂರನೆಯ ಕಾಲಂ ಆ ಕೋಣೆಯಲ್ಲಿ ನಿಷಿದ್ಧವಾಯಿತು. ಇನ್ನೊಂದು ವಿಚಿತ್ರವೂ ಇತ್ತು. ಬೋಳನ್ನು ಕೊಟ್ಟರೆ, ಕಿಣ್ವದ ಕೆಲಸವನ್ನು ಅಳೆಯುವ ಯಂತ್ರದ ಗೆರೆ ಕೂಡಲೇ ಏರುತ್ತಿತ್ತು, ಬಾಲವನ್ನು ಕೊಟ್ಟರೆ ಸ್ವಲ್ಪ ಹೊತ್ತು ನೆಲ ಹಿಡಿದು ಮಲಗಿದ್ದು ಆಮೇಲೆ ಏಳುತ್ತಿತ್ತು. ಹೊಸ ವಿದ್ಯಾರ್ಥಿಗಳು ಇದೇಕೆ ಹೀಗೆ ಎಂದು ಕೇಳಿದರೆ, "ವಯಸ್ಸಾಗಿದೆ, ಏಳೋಕೆ ಹೊತ್ತು ಬೇಡ್ವಾ?" ಎಂದು ಮೇಡಂ ಅಕ್ಕರೆಯಿಂದ ನಗುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಪ್ರಶ್ನೆ ಅಲ್ಲಿಗೆ ಮುಗಿಯುತ್ತಿತ್ತು.

ಮುಗಿಸದವಳು ಒಬ್ಬಳು ಬಂದಳು. ಉದ್ದನೆಯ ಹುಡುಗಿ, ಕೆಲಸದಲ್ಲಿ ಚುರುಕು, ತುಟಿಯ ಮೇಲೆ ಸದಾ ಯಾವುದೋ ಹಾಡಿನ ಗುನುಗು. ಬೇರೆಯವರು ಒಂದು ನಳಿಕೆಗೆ ಮುಚ್ಚಳ ಹಾಕುವಷ್ಟರಲ್ಲಿ ಅವಳು ಇಡೀ ಸಾಲನ್ನು ಮುಗಿಸಿರುತ್ತಿದ್ದಳು, ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಆ ವೇಗ ನೋಡಿದರೆ ಮೇಡಂಗೆ ಎದೆ ಹೊಡೆದುಕೊಳ್ಳುತ್ತಿತ್ತು. ಈ ಹುಡುಗಿ ಯಾರ ಅಪ್ಪಣೆಯನ್ನೂ ಕೇಳದೆ ಅಜ್ಜಿಯನ್ನು ಮೂರನೆಯ ಕಾಲಂಗೆ ಹಾಕಿದಳು, ಮತ್ತೆ ಹಾಕಿದಳು, ಇನ್ನೊಮ್ಮೆ ಹಾಕಿ ನೋಡಿ, ವಾರದ ಸಭೆಯಲ್ಲಿ ಎಲ್ಲರ ಮುಂದೆ ಗೆರೆಗಳನ್ನು ತೋರಿಸಿದಳು.

"ಅಜ್ಜಿಗೆ ಏನೂ ಆಗಿಲ್ಲ ಮೇಡಂ. ಬೋಳು ಕೊಟ್ರೆ ಮೊದಲಿಗಿಂತ ಚೆನ್ನಾಗೇ ಕೆಲಸ ಮಾಡ್ತಾಳೆ. ಬಾಲ ಮಾತ್ರ ಬೇಡ ಅಂತಾಳೆ. ಮೂರನೇ ಕಾಲಂನಲ್ಲಿ ನಾವು ಬೇರೆ ಯಾವುದನ್ನೋ ಕಳ್ಕೊಳ್ತಿದ್ದೀವಿ ಅನ್ಸುತ್ತೆ."

ಮೇಡಂ ಸಿಟ್ಟಾಗಲಿಲ್ಲ. ಅವರಿಗೆ ಸಿಟ್ಟೆಂಬುದು ಬರುತ್ತಲೇ ಇರಲಿಲ್ಲ. ಮೇಜಿನ ಮೇಲಿಂದ ಬಾಗಿ ಹುಡುಗಿಯ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು, ಅಂಗೈ ಮೇಲಾಗಿ ತಿರುಗಿಸಿ, ಕಾಯಿಲೆ ಇದೆಯೆಂದು ತಿಳಿಸುವ ಒಳ್ಳೆಯ ಡಾಕ್ಟರರ ಹಾಗೆ ನೋಡಿದರು. "ನಿನ್ನ ತಪ್ಪಲ್ಲಮ್ಮ. ಕೈ ಒರಟು, ಅಷ್ಟೇ. ಕೆಲವರಿಗೆ ಈ ಕೆಲಸಕ್ಕೆ ಬೇಕಾದ ಕೈ ಇರಲ್ಲ, ಅದಕ್ಕೆ ಯಾರೇನು ಮಾಡೋಕಾಗುತ್ತೆ?"

ಹುಡುಗಿ ತನ್ನ ಅಂಗೈಯನ್ನೇ ನೋಡುತ್ತ ಕೂತಳು. ಅಂದಿನಿಂದ ಅವಳಿಗೆ ಒರಟುಗೈ ಎಂದು ಹೆಸರಾಯಿತು. ತಮಾಷೆಗೆ ಕರೆದದ್ದು, ಕರೆದವರಲ್ಲಿ ಕೇಡಿಗರು ಯಾರೂ ಇರಲಿಲ್ಲ. ಕೆಲವು ವಾರಗಳಲ್ಲಿ ಅವಳ ಕೈಯಿಂದ ನಳಿಕೆಯೊಂದು ಜಾರಿತು. ಆಮೇಲೆ ಇನ್ನೊಂದು. ಹಾಡು ನಿಂತಿತು. ಒಂದು ಬೆಳಗ್ಗೆ ಗಾಜಿನ ಸೀಸೆಗಳ ಇಡೀ ತಟ್ಟೆಯೇ ನೆಲಕ್ಕೆ ಬಿತ್ತು, ಮತ್ತು ಚೂರುಗಳನ್ನು ಗುಡಿಸಿ ಹೋದವಳು ಮರಳಿ ಬರಲಿಲ್ಲ. ಪಾಪ ಒಳ್ಳೆಯ ಹುಡುಗಿ, ಮೊದಲೇ ಹೇಳಿದ್ದು ಒಳ್ಳೆಯದಾಯಿತು ಎಂದುಕೊಂಡ ಮೇಡಂ, ಮನೆಗೆ ಹೋಗಿ ಅಕ್ಕನ ಮುಂದೆ ಕಣ್ಣೊರೆಸಿಕೊಂಡರು. ಆ ಕಣ್ಣೀರು ನಿಜವಾದದ್ದೇ, ಅದರಲ್ಲಿ ಸಂಶಯವಿಲ್ಲ.

ವರ್ಷಗಳು ಉರುಳಿದವು. ನಿವೃತ್ತಿ ಹತ್ತಿರವಾದಾಗ ಮೇಡಂಗೆ ಉಳಿದಿದ್ದದ್ದು ಒಂದೇ ಆಸೆ: ಬಾಲವನ್ನು ಮಡಿಲಲ್ಲಿ ಕೂರಿಸಿಕೊಂಡ ಅಜ್ಜಿಯ ಚಿತ್ರ ನೋಡಬೇಕು. ಪ್ರೋಟೀನನ್ನು ಹರಳುಗಟ್ಟಿಸಿ, ಅದರ ಮೇಲೆ ಎಕ್ಸ್-ರೇ ಹಾಯಿಸಿ ರೂಪ ತೆಗೆಯುವ ಸಹೋದ್ಯೋಗಿಯೊಬ್ಬರು ಎದುರಿನ ಕಟ್ಟಡದಲ್ಲಿದ್ದರು, ಹರಳಿನವರೆಂದೇ ಎಲ್ಲರೂ ಕರೆಯುತ್ತಿದ್ದರು. ಇನ್ನೂ ಚೊಕ್ಕ ಮಾಡಿ ಕೊಡಿ ಎಂದು ಅವರು ಗೋಗರೆದರೂ ಮೇಡಂ ಎರಡು ಕಾಲಂ ದಾಟಿದ್ದಕ್ಕೇ ಬಾಲ ಬೆರೆಸಿ ಕೊಟ್ಟಿದ್ದರು. ಅದೃಷ್ಟವೋ ದುರದೃಷ್ಟವೋ, ಹರಳು ಕಟ್ಟಿತು. ಹರಳಿನವರು ಪರದೆಯ ಮೇಲೆ ಗೂಡನ್ನು ಹಿಗ್ಗಿಸಿ, ತುಂಬ ಹೊತ್ತು ಅದನ್ನೇ ತಿರುಗಿಸುತ್ತಿದ್ದರು.

"ನೀವು ಕೊಟ್ಟದ್ದು ಬಾಲಾನೇ ತಾನೇ?"

"ಹೌದು. ನಾನೇ ತೂಗಿ ಹಾಕಿದ್ದು."

"ಒಳಗೆ ಕೂತಿರೋದು ಬೋಳು." ಆಮೇಲೆ ಮೇಡಂ ಮುಖ ನೋಡಿ, "ಬಾಲ ಅಲ್ಲಾಡ್ತಾ ಇರ್ಬಹುದು ಬಿಡಿ. ಅಲ್ಲಾಡೋದು ಚಿತ್ರದಲ್ಲಿ ಬೀಳಲ್ಲ. ಹಾಗಂತ ಬರೆದ್ರೆ ಯಾರೂ ಕೇಳಲ್ಲ" ಎಂದರು.

ಬರೆದುಬಿಡಬಹುದಿತ್ತು. ಆದರೆ ಗೂಡಿನ ಬಾಯಲ್ಲಿದ್ದ ಋಣದ ಕೊಂಡಿ, ಪಕ್ಕಕ್ಕೆ ಸರಿದಿದೆಯೆಂದು ಅವರು ಅಷ್ಟು ವರ್ಷ ಹೇಳಿಕೊಂಡು ಬಂದ ಕೊಂಡಿ, ದಾರಿಗೆ ಅಡ್ಡಲಾಗಿ ನೇರವಾಗಿ ನಿಂತಿತ್ತು. ಬಾಲಕ್ಕೆ ಅಲ್ಲಿ ಅಲ್ಲಾಡಲು ಕೂಡ ಜಾಗವಿರಲಿಲ್ಲ. ಮೇಡಂ ಶೀತಕೋಣೆಗೆ ಹೋಗಿ ತಮ್ಮ ಕೈಯಾರೆ ಅಜ್ಜಿಯನ್ನು ಮೂರನೆಯ ಕಾಲಂಗೆ ಹಾಕಿದರು. ಅವರ ಕೈಯಷ್ಟು ಹಗುರಾದ ಕೈ ಆ ಊರಿನಲ್ಲಿ ಇನ್ನೊಂದಿರಲಿಲ್ಲ. ಹೊರಬಂದ ಅಜ್ಜಿ ಬೋಳಿನೊಡನೆ ದುಡಿದಳು, ಬಾಲವನ್ನು ಮುಟ್ಟಲಿಲ್ಲ. ಆಮೇಲೆ ಅವರು ಕಾಲಂನಿಂದ ಬೇರೆಯಾಗಿ ಬಂದ, ಎಲ್ಲರೂ ಚೆಲ್ಲುವ ದ್ರವವನ್ನು ಎತ್ತಿಕೊಂಡು ಪರೀಕ್ಷಿಸಿದರು. ಅದರಲ್ಲಿ ಬ್ಯಾಕ್ಟೀರಿಯಾದ ಮನೆಯಿಂದ ಅಜ್ಜಿಯ ಸೆರಗು ಹಿಡಿದು ಬಂದ ಇನ್ನೊಂದು ಕಿಣ್ವವಿತ್ತು, ಫಾಸ್ಫೇಟನ್ನು ಕತ್ತರಿಸುವುದೇ ಅದರ ಕಸುಬು. ಅದು ಬಾಲದ ಬಾಲ ಕತ್ತರಿಸಿ ಬೋಳು ಮಾಡಿ ಕೊಡುತ್ತಿತ್ತು, ಅಜ್ಜಿ ಆ ಬೋಳನ್ನೇ ತೆಗೆದುಕೊಳ್ಳುತ್ತಿದ್ದಳು. ಗೆರೆ ತಡವಾಗಿ ಏಳುತ್ತಿದ್ದದ್ದು ಅವಳ ಮುಪ್ಪಿನಿಂದಲ್ಲ. ಕತ್ತರಿಸುವವನ ಕೆಲಸ ಮುಗಿಯಲೆಂದು ಅವಳು ಕಾಯುತ್ತಿದ್ದಳು. ಅಜ್ಜಿ ಮೊದಲಿನಿಂದಲೂ ತನ್ನ ಮೊಮ್ಮಕ್ಕಳಷ್ಟೇ ಹಟಮಾರಿಯಾಗಿದ್ದಳು.

ಮೇಡಂ ತಮ್ಮ ಪ್ರಬಂಧಗಳನ್ನು ಹಿಂದಕ್ಕೆ ಪಡೆದರು. ಅದಕ್ಕೆ ಮುಂಚೆ ಸಂಸ್ಥೆಯ ನಿರ್ದೇಶಕರು ಕರೆದು, "ಇನ್ನು ಕೆಲವೇ ತಿಂಗಳು ಮೇಡಂ, ಸುಮ್ನೆ ಗೌರವವಾಗಿ ಹೋಗಿಬಿಡಿ, ಮುಂದೆ ಯಾರಾದ್ರೂ ತಿದ್ಕೋತಾರೆ" ಎಂದರು. ಒಳ್ಳೆಯ ಮಾತಿನಲ್ಲೇ ಎಂದರು. ಅಜ್ಜಿಯ ಮೇಲೆ ಕೆಲಸ ಮಾಡಿ ಪದವಿ ಪಡೆದು ಎಲ್ಲೆಲ್ಲೋ ಕುರ್ಚಿ ಹಿಡಿದಿದ್ದ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬ ಫೋನಿನಲ್ಲಿ ಪೂರ್ತಿ ಕೇಳದೆ ಇಟ್ಟುಬಿಟ್ಟ. ಇವುಗಳನ್ನೆಲ್ಲ ಅವರು ತಡೆದುಕೊಂಡರು. ಒಂದು ಸಂಜೆ ಅಡಿಗೆಮನೆಯ ಕಟ್ಟೆಗೆ ಒರಗಿ ನಿಂತು ಅಕ್ಕನಿಗೆ ಎಲ್ಲವನ್ನೂ ಹೇಳಿದರು. ಅಕ್ಕ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಬರೆದದ್ದನ್ನ ವಾಪಸ್ ತಗೊಂಡೆ. ಆಡಿದ್ದನ್ನ?"

ಮೇಡಂ ಹೆಚ್ಚಿದ ಈರುಳ್ಳಿಯನ್ನು ತಟ್ಟೆಗೆ ಸರಿಸತೊಡಗಿದರು.

"ಆ ಹುಡುಗಿಗೆ ಹೇಳಿದ್ಯಾ ಅಂತ ಕೇಳ್ದೆ."

ಒರಟುಗೈಯ ವಿಳಾಸ ಹುಡುಕಿ ತೆಗೆಯಲು ಕಷ್ಟವಾಗಲಿಲ್ಲ. ಅದೇ ಊರಿನಲ್ಲಿದ್ದಳು, ವಿಮೆ ಕಂಪನಿಯೊಂದರ ಕಚೇರಿಯಲ್ಲಿ ಫೋನೆತ್ತಿಕೊಳ್ಳುವ ಕೆಲಸ. ರಜೆಯ ದಿನ ಮಧ್ಯಾಹ್ನ ಮೇಡಂ ಅವಳ ಮನೆಯ ಮೆಟ್ಟಿಲು ಹತ್ತಿದರು. ಬಾಗಿಲು ತೆರೆದವಳು ಗುರುತು ಹಿಡಿದು, ಸಂಕೋಚಪಟ್ಟು, ಕೂರಿಸಿದಳು. ಅಚ್ಚುಕಟ್ಟಾದ ಚಿಕ್ಕ ಮನೆ, ಕಿಟಕಿಯಲ್ಲಿ ಒಗೆದ ಪರದೆ. ಗಾಜಿನ ನಡುವೆಯೇ ಬದುಕಿದ ಮೇಡಂ ಕಣ್ಣಿಗೆ ಸ್ವಲ್ಪ ಹೊತ್ತಿನಲ್ಲೇ ಒಂದು ಸಂಗತಿ ಬಿತ್ತು: ಆ ಮನೆಯಲ್ಲಿ ಒಡೆಯುವಂಥದ್ದು ಏನೂ ಇರಲಿಲ್ಲ. ಲೋಟ ಸ್ಟೀಲಿನದು, ತಟ್ಟೆ ಪ್ಲಾಸ್ಟಿಕ್ಕಿನದು, ಗೋಡೆಯ ಪಟಕ್ಕೂ ಗಾಜಿಲ್ಲ. ನೀರು ತರಲು ಅವಳು ಏಳಹೋದಾಗ ಅವಳ ಪುಟ್ಟ ಮಗಳು ಓಡಿಬಂದಳು. "ಅಮ್ಮ, ನೀನು ಬೇಡ, ನಾನ್ ತರ್ತೀನಿ."

ಮೇಡಂ ಹೇಳಿದರು. ಹರಳಿನ ಚಿತ್ರವನ್ನು, ಮೂರನೆಯ ಕಾಲಂ ಅನ್ನು, ಚೆಲ್ಲುವ ದ್ರವದಲ್ಲಿ ಸಿಕ್ಕಿದ್ದನ್ನು, ಏನೂ ಬಿಡದೆ ಹೇಳಿದರು. ಕೇಳುತ್ತ ಕೇಳುತ್ತ ಅವಳು ಮುಂದಕ್ಕೆ ಬಾಗಿದಳು, ಕಣ್ಣು ಚುರುಕಾಯಿತು. "ಫಾಸ್ಫೇಟ್ ಕತ್ತರಿಸೋದು ಒಂದು ಸೇರ್ಕೊಂಡಿತ್ತಾ? ಹಾಗಾದ್ರೆ ಗೆರೆ ತಡವಾಗಿ ಏಳ್ತಾ ಇದ್ದದ್ದೂ ಅದಕ್ಕೇ!" ಎಂದಳು. ಎಷ್ಟೋ ವರ್ಷದ ಮೇಲೆ ಅಣೆಕಟ್ಟು ಬಿರಿದಂತೆ ಮೇಡಂ ಎದೆಯಲ್ಲಿ ಆಸೆ ಉಕ್ಕಿತು. ಅವರು ಮುಂದೆ ಬಾಗಿ ಅವಳ ಕೈ ಹಿಡಿದರು.

"ನೀನು ಹೇಳಿದ್ದೇ ಸರಿ. ನಿನ್ನ ಕೈ ಒರಟಲ್ಲಮ್ಮ. ಯಾವತ್ತೂ ಒರಟಾಗಿರಲಿಲ್ಲ."

ಅವಳು ನಿಧಾನವಾಗಿ ಕೈ ಬಿಡಿಸಿಕೊಂಡಳು. ಕಣ್ಣಿನ ಬೆಳಕು ಆರಿಹೋಗಿತ್ತು. ಅಲ್ಲೀಗ ಇದ್ದದ್ದು ದೊಡ್ಡವರನ್ನು ಸಮಾಧಾನಪಡಿಸುವ ಸೌಜನ್ಯ ಮಾತ್ರ.

"ಅದು ಬೇರೆ ವಿಷಯ ಮೇಡಂ. ಅವತ್ತು ನಾನು ಮಾಡಿದ್ದು ಸರಿಯಾಗಿತ್ತು ಅಂತ ಕೇಳಿ ಖುಷಿ ಆಯ್ತು. ಆದ್ರೆ ಕೈ ಒರಟೇ. ಇವಳು ಹುಟ್ಟಿದಾಗ ಸ್ನಾನ ಮಾಡ್ಸೋಕೂ ನಾನು ಮುಟ್ಲಿಲ್ಲ, ಎಲ್ಲಿ ಜಾರಿಸಿಬಿಡ್ತೀನೋ ಅಂತ. ಎಲ್ಲಾ ಇವಳಪ್ಪನೇ ಮಾಡಿದ್ದು."

"ಅದನ್ನ ನಂಬಿಸಿದ್ದು ನಾನು."

"ಬೇಜಾರು ಮಾಡ್ಕೋಬೇಡಿ. ನೀವು ಬೈದಿದ್ರೆ ನಾನು ಖಂಡಿತ ನಂಬ್ತಾ ಇರ್ಲಿಲ್ಲ. ಜಗಳ ಆಡ್ತಿದ್ದೆ. ನೀವು ಬೈಲಿಲ್ವಲ್ಲ."

ಮಗಳು ನೀರು ತಂದು, ಅಮ್ಮನನ್ನು ದಾಟಿ, ಮೇಡಂ ಮುಂದೆ ಇಟ್ಟಳು. ಮೇಡಂ ಕುಡಿದರು, ಎದ್ದರು. ಆಮೇಲೆ ಕೆಲವು ಸಲ ಹೋಗಿ ಬಂದರೆಂದು, ಹೋದಾಗಲೆಲ್ಲ ಅದೇ ಆದರ, ಅದೇ ಸಮಾಧಾನದ ಮಾತು ಸಿಕ್ಕಿತೆಂದು, ಕೊನೆಗೆ ಹೋಗುವುದನ್ನೇ ನಿಲ್ಲಿಸಿದರೆಂದು ಅಕ್ಕ ಹೇಳುತ್ತಾರೆ.

ಗದರುವ ಗುರುಗಳ ವಿಷಯದಲ್ಲಿ ನಾವು ಬೇಕಾದಷ್ಟು ದೂರಿದ್ದೇವೆ. ಆದರೆ ಗದರುವವರ ಮುಂದೆ ಶಿಷ್ಯನಿಗೆ ಒಂದು ಅನುಕೂಲವಿರುತ್ತದೆ. ಕೇಳುವಾಗಲೇ ಮೈ ಸೆಟೆದುಕೊಳ್ಳುತ್ತದೆ, ಒಳಗೊಂದು 'ಇಲ್ಲ' ಎದ್ದು ನಿಲ್ಲುತ್ತದೆ, ಅವರ ತಪ್ಪು ಆ 'ಇಲ್ಲ'ಕ್ಕೆ ತಾಗಿ ಅರ್ಧ ದಾರಿಯಲ್ಲೇ ಉದುರಿಹೋಗುತ್ತದೆ. ಇಂಥ ಅಕ್ಕರೆಯವರ ಮುಂದೆ ಹಾಗೆ ಎದ್ದು ನಿಲ್ಲುವಂಥದ್ದು ಏನೂ ಇರುವುದಿಲ್ಲ. ತಮಗೆ ಪ್ರಿಯವಾದದ್ದನ್ನು ಕೊನೆಯ ಪರೀಕ್ಷೆಗೆ ಒಡ್ಡಲು ಇವರಿಗೆ ಮನಸ್ಸು ಬರುವುದಿಲ್ಲ. ಹಾಗೆ ಉಳಿಸಿಕೊಂಡದ್ದರ ಬೆಲೆಯನ್ನು ಬೇರೊಬ್ಬರು ತೆರುತ್ತಿರುವುದು ಇವರ ಅರಿವಿಗೂ ಬರುವುದಿಲ್ಲ. ಇವರು ಸುಳ್ಳುಗಾರರಲ್ಲ, ಸತ್ಯ ತಿಳಿದ ದಿನ ಮರ್ಯಾದೆ ಪಣಕ್ಕಿಟ್ಟಾದರೂ ಬಂದು ಹೇಳುತ್ತಾರೆ. ಆದರೆ ತಾವು ಆಡಿದ್ದನ್ನು ಹಿಂದಕ್ಕೆ ಪಡೆಯಲು ಇವರು ಕೈ ಚಾಚುವ ಹೊತ್ತಿಗೆ, ಅದು ಮಾತಾಗಿ ಉಳಿದಿರುವುದಿಲ್ಲ, ಇನ್ನೊಬ್ಬರ ಮೈಯಾಗಿಬಿಟ್ಟಿರುತ್ತದೆ.